ಚಿರತೆಗೆ ಕಾಣದ ಕೆಂಪು

ಕಳೆದ ಮಳೆಗಾಲ ನಮ್ಮ ಅಂಗಳದಿಂದ ನಾಯಿಯನ್ನು ಚಿರತೆ ಕೊಂಡುಹೋಯಿತು. ಅಂದಿನಿಂದ ಅಮ್ಮ ಪದವಿಗೆ, ಅಂದರೆ ಮನೆಯ ಹಿಂದಿನ ಮುರಕಲ್ಲಿನ ಗುಡ್ಡಕ್ಕೆ, ದನಕ್ಕೆ ಹುಲ್ಲು ತರಲು ಹೋಗುವಾಗ ತಲೆಗೆ ಕೆಂಪು ಟವೆಲು, ನಮ್ಮ ಬೈರಾಸು, ಕಟ್ಟುತ್ತಾಳೆ. ಕೆಂಪು ಕಂಡರೆ ಅದು ಹತ್ತಿರ ಬರುವುದಿಲ್ಲ ಎಂದು ಅವಳ ಲೆಕ್ಕ. ನಾನೂ ನಂಬಿದ್ದೆ.

ನಾನು ವೆಲ್ಡಿಂಗ್ ಮಾಡುವವನು. ಮಣಿಪಾಲದಲ್ಲಿ ಒಬ್ಬ ಕಲಾವಿದೆ ಪ್ರದರ್ಶನಕ್ಕೆ ನನ್ನಿಂದ ಕಬ್ಬಿಣದ ಪೆಟ್ಟಿಗೆ ಮಾಡಿಸಿದರು. ನೋಡುವವರು ಮೊಣಕಾಲೂರಿ ಒಳಗೆ ತಲೆ ಹಾಕಬೇಕು. ಒಳಗಿನ ಪರದೆಯಲ್ಲಿ ಚಿರತೆಯ ಕಣ್ಣಿಗೆ ಕಾಣುವ ಹಾಗೆ ಗುಡ್ಡ. ಅದು ಕುಕ್ಕುಂದೂರಿನ ನಮ್ಮದೇ ಪದವು. ವಿಡಿಯೋ ತೆಗೆಯಲು ಜಾಗ ತೋರಿಸಿದ್ದು ನಾನೇ. ಆ ದಿನ ಅಮ್ಮ ಕೆಂಪು ಬೈರಾಸು ಕಟ್ಟಿ ಅಲ್ಲಿ ಹುಲ್ಲು ಕೊಯ್ಯುತ್ತಿದ್ದಳು.

ಕೊನೆಯ ನಟ್ಟು ಬಿಗಿದು ನಾನೇ ಮೊದಲು ತಲೆ ಹಾಕಿದೆ. ಅಮ್ಮನನ್ನು ಹುಡುಕಿದೆ. ಇಲ್ಲ. ಎಲ್ಲ ಮಾಸಲು ಹಳದಿ. ಆಮೇಲೆ ಹುಲ್ಲಿನ ಒಂದು ಗುಪ್ಪೆ ಅಲುಗಿತು. ಅದೇ ಅಮ್ಮ. ಬೆನ್ನು ನನ್ನ ಕಡೆಗೆ.

"ಮೇಡಂ, ಕೆಂಪು ಎಲ್ಲಿ?"

"ಚಿರತೆಗೆ ಕೆಂಪು ಗೊತ್ತಾಗುವುದಿಲ್ಲ. ನೀಲಿ ಗೊತ್ತಾಗ್ತದೆ."

ಸ್ಪ್ಯಾನರ್ ಅಲ್ಲೇ ಬಿಟ್ಟೆ. ಬೈಕ್ ಹತ್ತಿದೆ. ಹಿರಿಯಡ್ಕದಲ್ಲಿ ನಿಲ್ಲಿಸಿ ಒಂದು ನೀಲಿ ಬೈರಾಸು ತೆಗೆದುಕೊಂಡೆ.

ಮನೆ ಮುಟ್ಟುವಾಗ ಅಮ್ಮ ಹುಲ್ಲು ಕೊಯ್ಯುವ ಕತ್ತಿ ಹಿಡಿದು ಹೊರಟಿದ್ದಳು.

"ಎಂತ ಮಾರಾಯ, ಕೆಲಸ ಬಿಟ್ಟು ಬಂದದ್ದು?"

"ಆ ಕೆಂಪು ತೆಗೆ. ಇದು ಕಟ್ಟು. ಚಿರತೆಗೆ ಕೆಂಪು ಕಾಣುವುದೇ ಇಲ್ಲ."

"ಯಾರು ಹೇಳಿದ್ದು, ಚಿರತೆಯಾ?"

"ಮಣಿಪಾಲದ ಮೇಡಂ."

"ಹಾಗಾದ್ರೆ ಹುಲ್ಲಿಗೆ ಅವರನ್ನೇ ಕಳಿಸು." ನಗುತ್ತಾ ನೀಲಿ ಬಟ್ಟೆ ತಿರುಗಿಸಿ ನೋಡಿದಳು. "ಇದು ಕಾಣ್ತದಾ ಅದಕ್ಕೆ?"

"ಕಾಣ್ತದೆ."

"ಕಂಡ್ರೆ ಓಡ್ತದಾ, ಹತ್ತಿರ ಬರ್ತದಾ?"

ಅದನ್ನು ನಾನು ಕೇಳಿರಲಿಲ್ಲ. ಮೇಡಂಗೆ ಫೋನ್ ಮಾಡಿದೆ. "ಅದು ನನಗೂ ಗೊತ್ತಿಲ್ಲ," ಅಂದರು.

ಅಮ್ಮ ನೀಲಿಯನ್ನು ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಕಿ ಕೆಂಪು ಕಟ್ಟಿಕೊಂಡೇ ಗುಡ್ಡ ಹತ್ತಿದಳು. ನಾನು ಕಬ್ಬಿಣದ ಸರಳು ಹಿಡಿದು ಹಿಂದೆ ಹೋದೆ. ಹುಲ್ಲು ಅವಳ ಸೊಂಟದವರೆಗೆ ಇತ್ತು.

ಅವಳು ಬಗ್ಗಿದಾಗಲೆಲ್ಲ ನನಗೂ ಕೆಂಪು ಕಾಣುತ್ತಿರಲಿಲ್ಲ. "ಅಮ್ಮಾ" ಎಂದು ಕೂಗುತ್ತಿದ್ದೆ.

"ಇದ್ದೇನೆ ಮಾರಾಯ," ಅನ್ನುತ್ತಿದ್ದಳು. ಹುಲ್ಲಿನ ಕಟ್ಟು ತುಂಬುವವರೆಗೂ ಕೂಗುತ್ತಲೇ ಇದ್ದೆ.