ಮಾಲಕರ ಪಾಲು, ಮಾಬುಬಿಯ ಸೆರಗು

ಶಿವಗಂಗಾ ಚಮನಸಾಬರನ್ನು ಮೊದಲ ಸಲ ಕಂಡದ್ದು ಇಳಕಲ್ಲಿನ ಹೊರಗಿರುವ ಗ್ರಾನೈಟ್ ಫ್ಯಾಕ್ಟರಿಯ ಆಫೀಸಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ದಿನ. ರಾಮಥಾಳದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ತನ್ನ ಮನೆತನದಲ್ಲಿ ತಿಂಗಳ ಪಗಾರದ ಕೆಲಸ ಹಿಡಿದ ಮೊದಲನೆಯವಳು. ಕಾಲಲ್ಲಿ ಹೊಸ ಚಪ್ಪಲಿ, ಅವ್ವ ಹುನಗುಂದದ ಸಂತೆಯಲ್ಲಿ ಕೊಡಿಸಿದ್ದು. ಆಫೀಸಿನ ಬಾಗಿಲು ಯಾವುದೆಂದು ತಿಳಿಯದೆ ಪಾಲಿಶ್ ಮಶಿನ್ನುಗಳ ಶೆಡ್ಡಿಗೇ ನುಗ್ಗಿದಳು. ನೆಲದ ತುಂಬ ಬೂದಿಬಣ್ಣದ ಕಲ್ಲಿನ ರಾಡಿ. ಒಂದು ಹೆಜ್ಜೆ ಇಟ್ಟದ್ದೇ ತಡ, ಮಶಿನ್ನಿನ ಸದ್ದನ್ನೂ ಮೀರಿ ಒಂದು ದನಿ ಬಂತು.

"ಏ ಅಕ್ಕಾರ, ಅಲ್ಲೇ ನಿಂದರ್ರಿ! ಆ ರಾಡ್ಯಾಗ ಹೋದ ಚಪ್ಪಲಿ ತಿರಗಿ ಬರಂಗಿಲ್ಲ!"

ಮೊಣಕಾಲಿನತನಕ ರಬ್ಬರ್ ಬೂಟು, ತಲೆಗೆ ಸುತ್ತಿದ ಟವೆಲ್ಲು, ಗಡ್ಡದಲ್ಲೂ ಹುಬ್ಬಿನಲ್ಲೂ ಕಲ್ಲಿನ ಪುಡಿ ಕೂತು ವಯಸ್ಸು ಎಷ್ಟೆಂದು ಹೇಳಲಾಗದ ಮುಖ. ಆ ಮನುಷ್ಯ ಒಡೆದ ಕಲ್ಲಿನ ಎರಡು ತುಂಡು ತಂದು ಅವಳ ಮುಂದೆ ಹಾಕಿದರು. ಅವಳು ಒಂದರ ಮೇಲಿಂದ ಇನ್ನೊಂದಕ್ಕೆ ದಾಟುತ್ತ ಮಶಿನ್ನಿನ ಹತ್ತಿರ ಬಂದಳು. ಅಲ್ಲಿ ಕೆಂಪುಕಲ್ಲಿನ ಒಂದು ದೊಡ್ಡ ಚಪ್ಪಡಿ ಮಲಗಿತ್ತು. ಅವರು ಅದನ್ನು ಅರಿವೆಯಿಂದ ಒರೆಸಿದರು.

"ಬಂದದ್ದಂತೂ ಬಂದ್ರಿ. ಇದರಾಗ ನಿಮ್ಮ ಮುಖ ನೋಡ್ಕೋರಿ. ಹೆಂಗ ಕಾಣ್ತೈತಿ?"

ಶಿವಗಂಗಾ ಬಗ್ಗಿ ನೋಡಿದಳು. ಏನು ಹೇಳಿದರೆ ಸರಿಯೋ ಗೊತ್ತಾಗಲಿಲ್ಲ. ಕಂಡದ್ದನ್ನೇ ಹೇಳಿದಳು. "ಮುಖ ಕಾಣ್ತೈತ್ರಿ. ಆದ್ರ ಮೂಗಿನ ನತ್ತು ಕಾಣವಲ್ದು."

ಪಕ್ಕದ ಮಶಿನ್ನಿನ ನಾಗಲಿಂಗ ಜೋರಾಗಿ ನಕ್ಕ. "ಹೋತು ಕಾಕಾ! ಅಕ್ಕಾರು ಬಂದ ದಿನಾನ ನಿನ್ನ ಕಲ್ಲು ಫೇಲ್ ಮಾಡಿದ್ರು!"

"ನಗಬ್ಯಾಡಲೇ. ದಿನಾ ನೋಡಿ ನೋಡಿ ನಮ್ಮ ಕಣ್ಣು ಒಪ್ಪಿಕೊಂಡು ಬಿಟ್ಟಿರ್ತಾವು. ಹೊಸಬರು ನೋಡಿದ್ರನ ಖರೆ ತಿಳಿಯೂದು," ಎಂದರು ಚಮನಸಾಬರು. ಹಾಗೆಂದವರೇ ಕಲ್ಲನ್ನು ಮತ್ತೆ ಪಾಲಿಶ್‌ಗೆ ಹಾಕಿದರು.

ಅದು ಅವರ ರೂಢಿ. ಲಾರಿ ಡ್ರೈವರ್ ಬರಲಿ, ಬ್ಯಾಂಕಿನವರು ಬರಲಿ, ಶೆಡ್ಡಿಗೆ ಹೊಸದಾಗಿ ಕಾಲಿಟ್ಟವರಿಗೆಲ್ಲ ಮುಖ ನೋಡಿಕೊಳ್ಳಲು ಹೇಳುತ್ತಿದ್ದರು.

ಚಮನಸಾಬರದು ನೇಕಾರ ಮನೆತನ. ಮಗ್ಗದ ಮಜೂರಿ ಮನೆಗೆ ಸಾಲದೆ ಹರೆಯದಲ್ಲೇ ಕಲ್ಲಿನ ಕೆಲಸಕ್ಕೆ ಬಂದಿದ್ದರು. ಹೆಂಡತಿ ಮಾಬುಬಿ ಮಾತ್ರ ಮಗ್ಗ ಬಿಟ್ಟಿರಲಿಲ್ಲ. ಆದರೆ ನೂಲು ವ್ಯಾಪಾರಿಯದು, ನೇಯ್ದ ಸೀರೆಯೂ ವ್ಯಾಪಾರಿಯದು, ಇವರಿಗೆ ಸಿಗುವುದು ಮಜೂರಿ ಅಷ್ಟೇ. ಐವತ್ತೆಂಟು ತುಂಬಿದ ದಿನ ಕಲ್ಲು ಬಿಡಬೇಕು, ಪಿ.ಎಫ್. ರೊಕ್ಕದಲ್ಲಿ ಸ್ವಂತ ನೂಲು ತರಬೇಕು, ಮಗ್ಗದಿಂದ ಇಳಿಯುವ ಸೀರೆ ಮಾಬುಬಿಯದೇ ಆಗಬೇಕು ಎಂಬುದು ಚಮನಸಾಬರ ಬಹಳ ದಿನಗಳ ಆಸೆ. ಮಶಿನ್ನಿನ ನಡುಕಕ್ಕೆ ಅವರ ಬೆರಳುಗಳು ಆಗಲೇ ಜೋಮು ಹಿಡಿಯತೊಡಗಿದ್ದವು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಹೊತ್ತು ಹಿಡಿಯುತ್ತಿತ್ತು.

ಆ ಫ್ಯಾಕ್ಟರಿಯ ಪಿ.ಎಫ್. ಬಗ್ಗೆ ಇಳಕಲ್ಲಿನಲ್ಲಿ ಒಳ್ಳೆಯ ಮಾತಿತ್ತು. ಕಾನೂನಿನ ಪ್ರಕಾರ, ಪಗಾರ ಎಷ್ಟೇ ಇರಲಿ, ಹದಿನೈದು ಸಾವಿರದವರೆಗಿನ ಪಗಾರಕ್ಕೆ ಲೆಕ್ಕ ಹಾಕಿ ತನ್ನ ಪಾಲು ಕಟ್ಟಿದರೆ ಮಾಲಕನ ಕರ್ತವ್ಯ ಮುಗಿಯಿತು. ಅದಕ್ಕಿಂತ ಮೇಲಿನದು ಅವನ ಖುಷಿ. ದೊಡ್ಡ ಸಾವ್ಕಾರ ಈರಪ್ಪನವರು ಪೂರಾ ಪಗಾರದ ಮೇಲೆ ಕಟ್ಟುತ್ತಿದ್ದರು. ಅದಕ್ಕೆ ಕಾರಣ ಚಮನಸಾಬರೇ. ಹಿಂದೆ ಹೊಸಪೇಟೆಯ ಕಡೆಯ ಫ್ಯಾಕ್ಟರಿಯವರು ಹೆಚ್ಚಿನ ಪಗಾರಕ್ಕೆ ಅವರನ್ನು ಕರೆದಾಗ ಈರಪ್ಪನವರು, "ಅಷ್ಟು ಪಗಾರ ನನ್ನ ಕೈಲೆ ಆಗಂಗಿಲ್ಲಪಾ. ಆದ್ರ ನೀ ಎಷ್ಟು ಕಟ್ತಿ ಅಷ್ಟು ನಾನೂ ಕಟ್ತೇನಿ. ಹಿಂದ ಸರಿಯಂಗಿಲ್ಲ," ಎಂದಿದ್ದರು. ಚಮನಸಾಬರು ಉಳಿದರು. ಒಬ್ಬರಿಗೆ ಕೊಟ್ಟ ಮಾತು ಶೆಡ್ಡಿನ ಎಲ್ಲರಿಗೂ ನಡೆಯಿತು, ಈರಪ್ಪನವರು ತೀರಿಕೊಳ್ಳುವವರೆಗೂ.

ಆಮೇಲೆ ಅವರ ಜಾಗದಲ್ಲಿ ಮಗ ವಿಜಯಮಹಾಂತೇಶ ಕೂತ. ಕೆಟ್ಟವನಲ್ಲ. ಆದರೆ ಹೊರದೇಶದ ಆರ್ಡರುಗಳು ಕಡಿಮೆಯಾಗಿದ್ದವು, ಅಂಗಳದಲ್ಲಿ ಮಾರಾಟವಾಗದ ಕಲ್ಲು ನಿಂತಿತ್ತು. ಬಾಗಲಕೋಟೆಯ ಸಲಹೆಗಾರನೊಬ್ಬ ಪಿ.ಎಫ್. ಪಾಲನ್ನು ಹದಿನೈದು ಸಾವಿರಕ್ಕೆ ಇಳಿಸುವ ದಾರಿ ತೋರಿಸಿದ. ಕೆಲಸಗಾರರ ಒಪ್ಪಿಗೆಯ ಸಹಿ ಇರಲಿ ಎಂದೂ ಹೇಳಿದ.

ವಿಜಯಮಹಾಂತೇಶ ಎಲ್ಲರನ್ನೂ ಶೆಡ್ಡಿನ ಮುಂದೆ ಕೂಡಿಸಿದ. "ಇನ್ನ ಮ್ಯಾಲ ಪಿ.ಎಫ್. ಹದಿನೈದು ಸಾವಿರದ ಲೆಕ್ಕಕ್ಕ. ನಿಮ್ಮ ಪಾಲೂ ಅಷ್ಟ, ನಮ್ಮ ಪಾಲೂ ಅಷ್ಟ. ಪಗಾರದಾಗ ಹಿಡಿಯೂದು ಕಡಿಮಿ ಆಗ್ತೈತಿ. ಚಮನಸಾಬನಂಥವರ ಕೈಗೆ ತಿಂಗಳಾ ಸಾವಿರದ ಮ್ಯಾಲ ಹೆಚ್ಚು ಬರ್ತೈತಿ."

ಅವನು ಸುಳ್ಳು ಹೇಳಲಿಲ್ಲ. ಕೊನೆಯ ಮಾತನ್ನು ಮಾತ್ರ ಸ್ವಲ್ಪ ಜೋರಾಗಿ ಹೇಳಿದ. ಎಲ್ಲರಿಗೂ ಅದೇ ಕೇಳಿಸಿತು. ಎಲ್ಲರಿಗಿಂತ ಮೊದಲು ಸಹಿ ಮಾಡಿದವರು ಚಮನಸಾಬರು. ಅನುಮಾನಿಸುತ್ತಿದ್ದ ನಾಗಲಿಂಗನ ಬೆನ್ನಿಗೆ ಗುದ್ದಿ, "ಮಾಡಲೇ, ಸಾವ್ಕಾರ ತಾನಾಗಿ ಪಗಾರ ಹೆಚ್ಚು ಮಾಡ್ಯಾನ," ಎಂದರು. ಅಷ್ಟೇ ಅಲ್ಲ, ತಮ್ಮ ರೊಕ್ಕದಲ್ಲಿ ಇಡೀ ಶೆಡ್ಡಿಗೆ ಗಿರಮಿಟ್ಟು, ಮೆಣಸಿನಕಾಯಿ ಭಜಿ ತರಿಸಿದರು.

ಶಿವಗಂಗಾಳ ಮೇಜಿಗೂ ಒಂದು ಪೊಟ್ಟಣ ಬಂತು. ತಂದವರು ಚಮನಸಾಬರೇ. ಅವಳಿಗೆ ತಿನ್ನಲಾಗಲಿಲ್ಲ. ಇವರಿಗೆ ತಿಳಿದೂ ಖುಷಿಯೋ, ತಿಳಿಯದೆಯೋ ಎಂದು ಮೊದಲು ಅರ್ಥವಾಗಲಿಲ್ಲ.

"ಕಾಕಾರ, ಒಂದು ಮಾತು. ನಿಮ್ಮ ಪಾಲು ಕಡಿಮಿ ಆದದ್ದು ನಿಮ್ಮ ಪಗಾರದಾಗ ಬಂತು. ಸಾವ್ಕಾರ್ರ ಪಾಲೂ ಅಷ್ಟ ಕಡಿಮಿ ಆತಲ್ರಿ, ಅದು ಎಲ್ಲಿ ಬಂತು?"

"ಅದೂ ನಮ್ಮ ಪಗಾರದಾಗನ ಕೂಡಿರಬೇಕಲ್ರಿ?"

"ಇಲ್ರಿ. ಅದು ಅವರ ಕಡೇನ ಉಳೀತು."

ಚಮನಸಾಬರು ಕೈಯಲ್ಲಿದ್ದ ಭಜಿಯನ್ನು ಪೊಟ್ಟಣದಲ್ಲಿ ಮರಳಿ ಇಟ್ಟರು. ತಾನು ಕಟ್ಟಿದಷ್ಟೂ ಆ ಕಡೆಯಿಂದ ಬರುತ್ತದೆ ಎಂದು ಇಷ್ಟು ವರ್ಷ ನಂಬಿ ನಡೆದುಬಂದ ಮನುಷ್ಯ. ಆ ಕಡೆಯದು ಕಡಿಮೆಯಾಗಿ ಅಲ್ಲೇ ಉಳಿದುಬಿಡಬಹುದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಪೊಟ್ಟಣ ಮಡಚುತ್ತ ಹೇಳಿದರು. "ಇದನ್ನ ಮಾಬುಬಿ ಮುಂದ ನೀವ ಹೇಳ್ರಿ. ನನ್ನ ಬಾಯಿಲೆ ಹೊಂಡಂಗಿಲ್ಲ."

ಸಂಜೆ ಶಿವಗಂಗಾ ಅವರ ಮನೆಗೆ ಹೋದಳು. ಪಡಸಾಲೆಯಲ್ಲೇ ಕುಣಿಮಗ್ಗ. ಮಾಬುಬಿ ಕುಣಿಯೊಳಗೆ ಕಾಲಿಳಿಬಿಟ್ಟು, ಹತ್ತಿಯ ಮೈಯ ಎಳೆಗೂ ರೇಷ್ಮೆಯ ಸೆರಗಿನ ಎಳೆಗೂ ಕೊಂಡಿ ಹಾಕುತ್ತಿದ್ದರು. ಒಂದೊಂದು ಎಳೆಯನ್ನೂ ಬೆರಳಲ್ಲಿ ಹಿಡಿದು ಇನ್ನೊಂದಕ್ಕೆ ಸಿಕ್ಕಿಸಬೇಕು. ಕೈ ನಿಲ್ಲಿಸದೆಯೇ ಎಲ್ಲ ಕೇಳಿದರು.

"ಅಂದ್ರ ಮೈಯ ನೂಲಿಗೆ ರೊಕ್ಕ ಆಗ್ತೈತಿ, ಸೆರಗಿನ ರೇಷ್ಮಿಗೆ ಆಗಂಗಿಲ್ಲ. ಹೌದಿಲ್ಲೋ ತಂಗಿ?"

"ಹಂಗ ಅನ್ನಬೌದ್ರಿ," ಎಂದಳು ಶಿವಗಂಗಾ.

"ಸೆರಗಿಲ್ಲದ ಸೀರಿ ಯಾರು ಒಯ್ತಾರ?" ಮಾಬುಬಿ ನಕ್ಕರು. "ಆದ್ರ ಆ ಸಾವ್ಕಾರ ಹುಡುಗನ್ನ ಬೈಯಬ್ಯಾಡ್ರಿ. ನನಗ ನೋಡು, ಇಷ್ಟು ವರ್ಷ ನೇಯ್ದೇನಿ, ಯಾವ ವ್ಯಾಪಾರಿನೂ ಒಂದು ಪೈ ಕಟ್ಟಿಲ್ಲ. ಅವ ಹದಿನೈದು ಸಾವಿರಕ್ಕರ ಕಟ್ತಾನ." ಗಂಡನ ಕಡೆ ತಿರುಗಿದರು. "ನಿನ್ನ ಮ್ಯಾಲ ಸಿಟ್ಟು ಬಂದೈತಿ ನನಗ. ಗಿರಮಿಟ್ ತಿನಿಸಿ ಸಹಿ ಮಾಡಿಸಿದ್ಯಲ್ಲ, ಆ ಹುಡುಗೂರಿಗೆ ಯಾರು ಹೇಳೋರು?"

ಚಮನಸಾಬರು ಬಾಗಿಲತನಕ ಬಂದು ಶಿವಗಂಗಾಳನ್ನು ಬೀಳ್ಕೊಡುವಾಗ, "ಹೊಸ ಕಣ್ಣು ಬೇಕಾತು ನೋಡ್ರಿ," ಎಂದರು.

ಆ ಫ್ಯಾಕ್ಟರಿಯಲ್ಲಿ ಅಮಾವಾಸ್ಯೆಯ ದಿನ ಮಶಿನ್ನು ನಿಲ್ಲಿಸಿ, ತೊಳೆದು, ಪೂಜೆ ಮಾಡುತ್ತಿದ್ದರು. ಈರಪ್ಪನವರು ಹಾಕಿಕೊಟ್ಟ ಪದ್ಧತಿಯೊಂದಿತ್ತು. ಕಾಯಿ ಒಡೆಯುವ ಪಾಳಿ ಯಾರದೋ ಅವರು ಆವತ್ತು ಮಾಲಕರಿಗೆ ಒಂದು ಮಾತು ಕೇಳಬಹುದು, ಮಾಲಕರು ನಿಂತು ಉತ್ತರ ಕೊಡಬೇಕು. ಒಬ್ಬ ಫ್ಯಾನು ಕೇಳಿದ್ದ, ಒಬ್ಬ ಹೊಸ ಬೂಟು ಕೇಳಿದ್ದ. ಆ ಸಲದ ಪಾಳಿ ನಾಗಲಿಂಗನದು. ಚಮನಸಾಬರು ಅವನಿಂದ ಬೇಡಿ ಪಡೆದರು.

ಕಾಯಿ ಒಡೆಯಿತು. ಎಲ್ಲರೂ ಅವರ ಮುಖ ನೋಡುತ್ತಿದ್ದರು.

"ಸಾವ್ಕಾರ್ರ, ನಮ್ಮ ಪಾಲು ಕಡಿಮಿ ಆದದ್ದು ನಮ್ಮ ಪಗಾರದಾಗ ಬಂತು. ನಿಮ್ಮ ಪಾಲು ಕಡಿಮಿ ಆದದ್ದು ಎಲ್ಲಿ ಹೋತು? ಈ ಹುಡುಗೂರ ಮುಂದ ಹೇಳ್ರಿ. ನಾ ಸಹಿ ಮಾಡಿಸೇನಿ, ನಾ ಹೇಳಿದ್ರ ನಂಬಂಗಿಲ್ಲ."

ವಿಜಯಮಹಾಂತೇಶ ಶಿವಗಂಗಾಳ ಕಡೆ ನೋಡಿದ. "ನೀವು ಹೇಳಿದ್ರೇನು ಇವರಿಗೆ?"

"ಹೌದ್ರಿ," ಎಂದಳು.

"ಹೇಳಬೇಕಾದಂವ ನಾ ಇದ್ದೆ." ಆಮೇಲೆ ಎಲ್ಲರ ಕಡೆ ತಿರುಗಿದ. "ಕರೆಂಟ್ ಬಿಲ್ಲಿಗೆ ಹೋತು, ಬ್ಯಾಂಕಿಗೆ ಹೋತು. ನಿಮಗ ಬಂದಿಲ್ಲ. ಅಪ್ಪ ಕಟ್ತಿದ್ದ, ಅವಗ ಆಗ್ತಿತ್ತು. ನನಗ ಆಗವಲ್ದು. ಆಗ್ತೈತಿ ಅಂತ ಹೇಳಿ ನಾಳೆ ಫ್ಯಾಕ್ಟರಿ ಮುಚ್ಚಿದ್ರ ಅದೂ ನಿಮಗ ಮೋಸನ."

ನಾಗಲಿಂಗನೇ ಮೊದಲು ಬಾಯಿ ಬಿಟ್ಟ. "ಕಾಕಾ, ಹಂಗಾರ ಆ ಗಿರಮಿಟ್ ರೊಕ್ಕ ನಾವ ನಿನಗ ತಿರಗಿ ಕೊಡಬೇಕೇನು?"

ನಗು ಎದ್ದಿತು. ವಿಜಯಮಹಾಂತೇಶನೂ ನಕ್ಕ. ಬೇಕಾದವರು ತಮ್ಮ ಪಾಲನ್ನು ಮೊದಲಿನಂತೆ ಪೂರಾ ಪಗಾರದ ಮೇಲೆ ಕಟ್ಟಬಹುದು, ತನ್ನ ಪಾಲು ಮಾತ್ರ ಹದಿನೈದು ಸಾವಿರದ ಲೆಕ್ಕಕ್ಕೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದ. ಚಮನಸಾಬರು ಆಗಲೇ, "ನನ್ನದು ಪೂರಾ ಹಿಡೀರಿ," ಎಂದರು. ಕೆಲವರು ಅವರ ಹಾದಿ ಹಿಡಿದರು. ನಾಗಲಿಂಗ ಹಿಡಿಯಲಿಲ್ಲ, ಅವನಿಗೆ ಬೈಕಿನ ಕಂತು ಇತ್ತು.

ಶಿವಗಂಗಾ ಆ ದಿನವನ್ನು ಆಗಾಗ ನೆನೆಯುತ್ತಾಳೆ. ಕಾನೂನು ಹೇಳುವುದು ಇಷ್ಟಾದರೂ ಕೊಡು ಎಂದು. ಈರಪ್ಪನವರು ಕೊಟ್ಟದ್ದು ಅದರ ಮೇಲಿನ ಮಾತು, ಅದನ್ನು ಮಗನಿಂದ ವಸೂಲು ಮಾಡುವ ಆಫೀಸು ಎಲ್ಲೂ ಇರಲಿಲ್ಲ. ಮಗ ತಪ್ಪಿದನೆಂದು ಹೇಳಲು ಅವಳಿಗೆ ನಾಲಗೆ ಏಳುವುದಿಲ್ಲ, ಸರಿ ಮಾಡಿದನೆಂದು ಹೇಳಲೂ ಮನಸ್ಸು ಬರುವುದಿಲ್ಲ. ಬಾಯಿಬಿಟ್ಟು ಹೇಳಿದ ಎಂಬುದಷ್ಟೇ ಅವಳಿಗೆ ಸಮಾಧಾನ.

ಹೋದ ವರ್ಷ ಚಮನಸಾಬರಿಗೆ ಐವತ್ತೆಂಟು ತುಂಬಿತು. ಕೆಲಸ ಬಿಟ್ಟರು, ಪಿ.ಎಫ್. ರೊಕ್ಕ ಬಂತು. ಮಾಬುಬಿ ಹೇಳಿದ್ದೇ ಖರೆಯಾಯಿತು. ಮೈಯ ನೂಲನ್ನು ವ್ಯಾಪಾರಿಯ ಹಂಗಿಲ್ಲದೆ ತಂದರು, ಸೆರಗಿನ ರೇಷ್ಮೆಗೆ ಕಡಿಮೆ ಬಿತ್ತು. ವಿಷಯ ತಿಳಿದ ವಿಜಯಮಹಾಂತೇಶ, ಮಶಿನ್ನು ಮುಟ್ಟುವುದು ಬೇಡ, ಅರ್ಧ ದಿನ ಬಂದು ಹೊಳಪು ನೋಡಿ ಹೋಗಲಿ ಎಂದು ಹೇಳಿಕಳಿಸಿದ.

ಈಗ ಚಮನಸಾಬರು ಮಧ್ಯಾಹ್ನದವರೆಗೆ ಫ್ಯಾಕ್ಟರಿಯಲ್ಲಿ ಕಲ್ಲಿನ ಹೊಳಪು ನೋಡುತ್ತಾರೆ, ಆ ಪಗಾರದಲ್ಲಿ ರೇಷ್ಮೆ ತರುತ್ತಾರೆ. ಊಟವಾದ ಮೇಲೆ ಮನೆಯಲ್ಲಿ ಕೂತು ಮಾಬುಬಿಯ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಾರೆ.