ರೋಟರ್ ಇಲ್ಲದೆ ಪುತ್ತೂರಿಗೆ ಬಂದ ಕಾರು

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಕಾರಣವಿಲ್ಲದೆ ಏನೂ ನಡೆಯದೆಂದು ನಂಬಿದವನು ನಾನು. ಇಂಥ ಸಂಗತಿಗಳನ್ನು ಇತರರು ಹೇಳಿದಾಗ ನಕ್ಕದ್ದೂ ಉಂಟು. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ; ತಪ್ಪಿದ್ದಲ್ಲಿ ಮನ್ನಿಸಬೇಕು.

ಐವತ್ತರ ದಶಕದ ಕೊನೆಯಲ್ಲಿ ನಾನು ಬೆಳ್ಳಾರೆಯಲ್ಲಿ ಗುಮಾಸ್ತನಾಗಿದ್ದೆ. ಸ್ವದೇಶಕ್ಕೆ ಮರಳಿದ ಇಂಗ್ಲಿಷ್ ತೋಟದ ದೊರೆಯೊಬ್ಬರು ಬಿಟ್ಟುಹೋದ, ಎರಡೇ ಆಸನದ ಹಸಿರು ರೇಸು ಕಾರು ನನ್ನ ಪಾಲಿಗೆ ಬಂದಿತ್ತು. ಸದರಿ ಕಾರು ನೋಡಲು ಬಹಳ ಚಂದ. ಆದರೆ ಓಡಿದ ದಿನಗಳಿಗಿಂತ ನಿಂತ ದಿನಗಳೇ ಹೆಚ್ಚು. ಬಿಡಿಭಾಗಗಳಿಗಾಗಿ ಮದರಾಸಿಗೆ ಬರೆದ ಪತ್ರಗಳಿಗೆಲ್ಲ ‘ದಾಸ್ತಾನು ಇಲ್ಲ’ ಎಂಬುದೇ ಉತ್ತರ. ಆದಕಾರಣ ಕುಂಬ್ರದ ಮೆಕ್ಯಾನಿಕ್ ಐತಪ್ಪಣ್ಣ ಅಡಿಕೆ ಹಾಳೆ ಕತ್ತರಿಸಿ ವಾಷರ್ ಮಾಡುತ್ತಿದ್ದರು, ರೇಡಿಯೇಟರ್ ಸೋರಿದರೆ ಬೆಲ್ಲ ಸುಣ್ಣದ ಗಾರೆ ಮೆತ್ತುತ್ತಿದ್ದರು.

“ಇದು ಕಾರಲ್ಲ ಮಾರಾಯ್ರೆ, ಮದುವೆಗೆ ಬಂದ ಗಂಡಿನ ಕಡೆಯ ಸೋದರಮಾವ. ಎಷ್ಟು ಉಪಚಾರ ಮಾಡಿದ್ರೂ ಮುನಿಸು” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ಬಂದು ಗಾರೆ ಮೆತ್ತಿ, “ಎರಡು ದಿನ ಮುಟ್ಲಿಕ್ಕಿಲ್ಲ” ಎಂದು ಎಚ್ಚರಿಸಿ ಬಸ್ಸಿನಲ್ಲಿ ಮರಳಿದರು. ಅದೇ ಮಧ್ಯಾಹ್ನ ನನ್ನ ಪತ್ನಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಸೂಲಗಿತ್ತಿ ಕಮಲಕ್ಕ ಹೊಟ್ಟೆ ಮುಟ್ಟಿ ನೋಡಿ ಹೊರಬಂದರು.

“ಮಗು ಅಡ್ಡ ಉಂಟು. ನನ್ನ ಕೈಯಲ್ಲಿ ಆಗುದಲ್ಲ ಇದು. ಪುತ್ತೂರಿಗೆ ಕರ್ಕೊಂಡು ಹೋಗಿ, ಎಂತ ನೋಡ್ತಾ ನಿಂತದ್ದು?”

ಬಸ್ಸು ಹೋಗಿಯಾಗಿತ್ತು. ಊರಿನ ಬಾಡಿಗೆ ಕಾರು ಸುಳ್ಯದಲ್ಲಿತ್ತು. ಪತ್ನಿಯನ್ನು ಹಸಿರು ಕಾರಿನಲ್ಲಿ ಕೂರಿಸಿ ಹ್ಯಾಂಡಲ್ ತಿರುಗಿಸಿದೆ. ಸಾಮಾನ್ಯವಾಗಿ ಹತ್ತು ಸುತ್ತು ಬೇಡುವ ಎಂಜಿನ್ ಒಂದೇ ಸುತ್ತಿಗೆ ಹಿಡಿಯಿತು. ಅಷ್ಟು ಹಗುರವಾಗಿ ಅದು ಎಂದೂ ಓಡಿರಲಿಲ್ಲ. ಕುಂಬ್ರದಲ್ಲಿ ಐತಪ್ಪಣ್ಣ ರಸ್ತೆಗೆ ಬಂದು ಎರಡೂ ಕೈಯೆತ್ತಿ ಕೂಗಿದರು. ಹಸಿ ಗಾರೆಯ ಚಿಂತೆ ಇರಬೇಕೆಂದು ಭಾವಿಸಿ ನಾನು ನಿಲ್ಲಿಸಲಿಲ್ಲ.

ಸಂಜೆಯೊಳಗೆ ಪುತ್ತೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಜನಿಸಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರಮ್ಮ ತಿಳಿಸಿದರು.

ಅಷ್ಟರಲ್ಲಿ ಐತಪ್ಪಣ್ಣ ಬಸ್ಸಿಳಿದು ಆಸ್ಪತ್ರೆಗೆ ಬಂದರು. ಅವರ ಮುಖ ಬಿಳುಚಿತ್ತು.

“ರೋಟರ್ ಎಲ್ಲಿ ಸಿಕ್ಕಿತು ನಿಮಗೆ?”

“ಎಂತ ರೋಟರ್?”

ಅವರು ಕರವಸ್ತ್ರ ಬಿಚ್ಚಿದರು. ಹೆಬ್ಬೆರಳ ತುದಿಯಷ್ಟು ದೊಡ್ಡ ಕರಿಯ ವಸ್ತು. “ನೀವು ಗಾರೆ ಒಣಗುವ ಮೊದಲೇ ಸ್ಟಾರ್ಟ್ ಮಾಡ್ತೀರಿ ಅಂತ ಬೆಳಿಗ್ಗೆಯೇ ತೆಗೆದು ಕಿಸೆಗೆ ಹಾಕಿದ್ದೆ. ಹೇಳಿದ್ರೆ ಬೈತೀರಿ ಅಂತ ಹೇಳ್ಲಿಲ್ಲ.”

ಎಂಜಿನ್ನಿನ ಒಳಗೆ ಕಿಡಿ ಹಂಚುವುದು ಅದೇ. ಅದಿಲ್ಲದಿದ್ದರೆ ಎಂಜಿನ್ ಕೆಮ್ಮುವುದೂ ಇಲ್ಲ. ಆಸ್ಪತ್ರೆಯ ಅಂಗಳದಲ್ಲಿ ನಾವಿಬ್ಬರೂ ಮುಚ್ಚಳ ತೆರೆದು ನೋಡಿದೆವು. ರೋಟರ್ ಇರಬೇಕಾದ ಜಾಗ ಖಾಲಿ. ರಟ್ಟೆ ಸೋಲುವವರೆಗೆ ಹ್ಯಾಂಡಲ್ ತಿರುಗಿಸಿದೆವು; ಸದ್ದಿಲ್ಲ. ರೋಟರ್ ಕೂರಿಸಿದ ಮೇಲೆ, ಎಂದಿನಂತೆ ಹತ್ತನೆಯ ಸುತ್ತಿಗೆ ಎಂಜಿನ್ ಹಿಡಿಯಿತು.

“ಯಾರಿಗೂ ಹೇಳ್ಬೇಡಿ ಮಾರಾಯ್ರೆ” ಎಂದರು ಐತಪ್ಪಣ್ಣ. “ನಾಳೆಯಿಂದ ಜನ, ರೋಟರ್ ಎಂತಕ್ಕೆ, ಹಾಗೇ ಓಡಿಸಿ ಕೊಡಿ ಅಂತ ಗಲಾಟೆ ಮಾಡಿಯಾರು.”

ಆ ಬಳಿಕ ಹಲವು ಬಾರಿ ರೋಟರ್ ತೆಗೆದು ಪರೀಕ್ಷಿಸಿದ್ದೇನೆ. ಒಮ್ಮೆಯೂ ಕಾರು ಮಿಸುಕಲಿಲ್ಲ. ಅದನ್ನು ಮಾರಲು ಮಾತ್ರ ಮನಸ್ಸಾಗಲಿಲ್ಲ.

ಮಗಳು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಓದುತ್ತಾಳೆ. ಕಿಡಿಯಿಲ್ಲದೆ ಎಂಜಿನ್ನಿನಲ್ಲಿ ಪೆಟ್ರೋಲು ಉರಿಯದೆಂದು ಪುಸ್ತಕ ತೋರಿಸಿ ನನಗೆ ಪಾಠ ಹೇಳುತ್ತಾಳೆ. ನಾನು ಒಪ್ಪಿಕೊಳ್ಳುತ್ತೇನೆ. ಹಾಗಾದರೆ ನೀನು ಹೇಗೆ ಬಂದೆ ಮಗಳೇ ಎಂದು ಕೇಳಹೊರಟವನು, ಅವಳ ಮುಖ ನೋಡಿ, ಮುಂದಿನ ಪಾಠ ಓದು ಎನ್ನುತ್ತೇನೆ.