ಹೊಗೆ ಡಬ್ಬಿಯ ಮೇಲೆ ಹೊರಿಸಿದ ಬೆಂಕಿ

ನಮ್ಮೂರ ಹೆಣ್ಣುಮಕ್ಕಳು ನೆಟ್ಟ ಸಸಿಗಳನ್ನು ಸುಟ್ಟವಳು ನಾನು, ಬೀಬಿಜಾನಕ್ಕಾ. ನೀನಲ್ಲ.

ಕಲಘಟಗಿ ಸೀಮೆಯ ನಮ್ಮೂರು ಅಭಯಾರಣ್ಯದ ಅಂಚಿನಲ್ಲಿದೆ. ನಾವಿಬ್ಬರೂ ಕಟ್ಟಿಗೆ ಹೊರೆ ಮಾರಿ ಬದುಕಿದವರು. ಕಾಡು ಬೋಳಾಗಿ ಜಿಂಕೆಗಳು ಹೊಲಕ್ಕಿಳಿಯತೊಡಗಿದಾಗ ಹೆಂಗಸರೆಲ್ಲ ಸಂಘ ಕಟ್ಟಿದೆವು. ಇನ್ನು ಮರ ಕಡಿಯುವುದಿಲ್ಲ, ಅಂಚಿನುದ್ದಕ್ಕೂ ನೇರಳೆ, ನೆಲ್ಲಿ, ಬಿದಿರು ನೆಡುತ್ತೇವೆ, ಜೇನು ಸಾಕಿ ಹೊಟ್ಟೆ ಹೊರೆಯುತ್ತೇವೆ ಎಂದು ಮಾತು ಕೊಟ್ಟೆವು. ನಾನು ಅಧ್ಯಕ್ಷೆಯಾದೆ. ಜೇನುಪೆಟ್ಟಿಗೆಗಳೂ ಹುಳು ಓಡಿಸುವ ಹೊಗೆ ಡಬ್ಬಿಯೂ ನಿನ್ನ ಕೈಗೆ ಬಂದವು. ಬೇಸಿಗೆಯಲ್ಲಿ ಕೊಡ ಹೊತ್ತು ಸಸಿಗಳಿಗೆ ನೀರೆರೆದವಳೂ ಹೆಚ್ಚಾಗಿ ನೀನೇ.

ನನ್ನ ಎಮ್ಮೆಗೆ ಎಳೆ ಹುಲ್ಲು ಬೇಕಿತ್ತು. ಒಣಹುಲ್ಲು ಸುಟ್ಟರೆ ಮೊದಲ ಮಳೆಗೇ ಚಿಗುರುತ್ತದೆ — ಹಿಂದಿನಿಂದ ಮಾಡುತ್ತ ಬಂದದ್ದೇ. ಇನ್ನು ಹಾಗೆ ಸುಡಬಾರದೆಂದು ಸಂಘದಲ್ಲಿ ಎಲ್ಲರಿಗೂ ತಾಕೀತು ಮಾಡಿದವಳು ನಾನು. ಆದರೂ ಆ ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಕಡ್ಡಿ ಗೀರಿದೆ. ಗಾಳಿ ಸಸಿಗಳ ಕಡೆ ತಿರುಗಿತು. ಸೊಪ್ಪಿನಿಂದ ಬಡಿದೆ, ಬಡಿದಷ್ಟೂ — ಕಡೆಗೆ ಓಡಿಹೋದೆ. ಆಮೇಲೆ ಊರವರ ಜೊತೆ, ಏನೂ ಅರಿಯದವಳಂತೆ, ಆರಿಸಲು ಬಂದೆ. ಸಸಿಗಳು ಕರಿ ಕಡ್ಡಿಗಳಾಗಿ ನಿಂತಿದ್ದವು. ಬುಡದಲ್ಲೊಂದು ಮೊಲ — ಬೇಡ, ಅದನ್ನು ಬರೆಯಲಾರೆ.

ಮರುದಿನದ ಸಭೆಯಲ್ಲಿ ಯಾರೂ ಯಾರ ಹೆಸರನ್ನೂ ಎತ್ತಿರಲಿಲ್ಲ. ನಾನೇ ನಿನ್ನ ಕಡೆ ತಿರುಗಿ ಕೇಳಿದೆ.

"ಅಕ್ಕಾ, ನಿನ್ನೆ ಜೇನು ಬಿಡಸೂ ಮುಂದ ಹೊಗಿ ಡಬ್ಬಿ ಹಚ್ಚಿದ್ದೆಲ್ಲಾ, ಅದನ್ನ ಸರಿ ಆರಿಸಿದ್ದೇನು?"

ಬರೀ ಪ್ರಶ್ನೆ. ನಾನು ಸುಳ್ಳು ಹೇಳಲಿಲ್ಲವಲ್ಲ ಎಂದು ಎಷ್ಟು ಕಾಲ ನನಗೆ ನಾನೇ ಹೇಳಿಕೊಂಡೆ! ಡಬ್ಬಿ ಆರಿಸಿದ್ದೇನೆಂದು ನೀನು ಹೇಳಿದೆ, ಮತ್ತೆ ಹೇಳಿದೆ. ಯಾರೂ ನಂಬಲಿಲ್ಲ. ಪೆಟ್ಟಿಗೆಗಳನ್ನು ಕಸಿದುಕೊಂಡರು. ನೀನು ಊರನ್ನೇ ಬಿಟ್ಟು ಹುಬ್ಬಳ್ಳಿಯ ಮಗಳ ಮನೆಗೆ ಹೊರಟೆ. ಬಸ್ಸಿಗೆ ಕಾಯುವಾಗ ನನ್ನ ಮುಖ ನೋಡದೆ ಅಂದೆ:

"ಹಳ್ಳದ ದಂಡ್ಯಾಗ ನಿನ್ನ ನೋಡಿದ್ದೆ, ಗಂಗವ್ವಾ. ನೀನಽ ಹೇಳ್ತಿ ಅಂತ ಕಾದೆ."

ಬಸ್ಸು ಬಂತು. ನಿನ್ನ ಗಂಟನ್ನು ಎತ್ತಿ ಒಳಗಿಟ್ಟೆ. ಅಷ್ಟೇ ಮಾಡಿದೆ. ನನ್ನ ಹೆಸರನ್ನು ನೀನು ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ.

ನಾವು ಮತ್ತೆ ನೆಟ್ಟೆವು. ಈಗ ಅಲ್ಲಿ ನೆರಳಿದೆ, ಜೇನಿದೆ. ನೋಡಲು ಬಂದವರು ನನಗೆ ಶಾಲು ಹೊದಿಸುತ್ತಾರೆ. ನಿನ್ನ ಮಾತು ಬಂದರೆ, ನಿನ್ನನ್ನು ಕಂಡೇ ಇರದ ಹೊಸ ಸೊಸೆಯಂದಿರು 'ಬೆಂಕಿ ಹಚ್ಚಿದಾಕಿ' ಎನ್ನುತ್ತಾರೆ. ಶಾಲು ಹೊದ್ದುಕೊಂಡೇ ನಾನು ಅದನ್ನು ಕೇಳಿಸಿಕೊಂಡಿದ್ದೇನೆ.

ಆ ಹೆಸರು ನನ್ನದು, ಅಕ್ಕಾ. ಬರುವ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಅದನ್ನು ಇಸಿದುಕೊಳ್ಳುತ್ತೇನೆ.